ಬೂದಿ ಮುಚ್ಚಿದ ಕೆಂಡ

ಹೊಸಪೇಟೆಯಲ್ಲಿ ಬೆಳಗಾಗುವುದು ಎರಡು ಸದ್ದುಗಳಿಂದ. ಒಂದು, ರೈಲು ನಿಲ್ದಾಣದ ಕಡೆಯಿಂದ ಬರುವ ಅದಿರಿನ ಗಾಡಿಗಳ ಗಡಗಡ. ಇನ್ನೊಂದು, ಗ್ಯಾರೇಜುಗಳ ಬಾಗಿಲು ತೆರೆದೊಡನೆ ಏಳುವ ಸುತ್ತಿಗೆ, ಸ್ಪ್ಯಾನರುಗಳ ಟಣತ್ಕಾರ. ಸಂಡೂರಿನ ಬೆಟ್ಟಗಳಿಂದ ಅದಿರು ಇಳಿಯತೊಡಗಿದ ಕಾಲದಿಂದ ಲಾರಿಯೇ ಈ ಸೀಮೆಯ ಎತ್ತು, ಲಾರಿಯೇ ಕುದುರೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ ಸಾಲುಸಾಲು ಲಾರಿಗಳು ನಿಂತಲ್ಲಿಯೇ ನಿಂತುದನ್ನು ಇಲ್ಲಿನವರು ಮರೆತಿಲ್ಲ. ಲಾರಿಗಳು ಬಂದವು, ನಿಂತವು, ಮತ್ತೆ ಓಡಿದವು. ಆದರೆ ಅವನ್ನು ಬಿಚ್ಚಿ ಜೋಡಿಸಿದ ಕೈಗಳ ಜಾಣತನ ಊರಿನಲ್ಲಿಯೇ ಉಳಿಯಿತು.

ಅಂತಹ ಒಂದು ಗ್ಯಾರೇಜಿನ ಮುಂದೆ, ಕಳೆದ ವರ್ಷದ ನವರಾತ್ರಿಯ ರಜೆಯಲ್ಲಿ, ನಾನು ಒಂದು ಬೆಳಿಗ್ಗೆ ನಿಂತಿದ್ದೆ. ಬಂದುದು ಪ್ರವಾಸದ ನೆಪದಿಂದ. ಇದ್ದುದು ರಾಯಭಾರದ ಕೆಲಸ. ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು, ಹಳಗನ್ನಡದ ಪಾಠ ನಡೆಯುವಾಗ ನೋಟುಪುಸ್ತಕದ ಅಂಚಿನಲ್ಲಿ ಚಕ್ರಗಳ ಚಿತ್ರ ಬರೆಯುತ್ತಿದ್ದ ಹುಡುಗನೊಬ್ಬನಿದ್ದ. ಅವನ ತಂದೆ ಕಂಪ್ಲಿಯ ಕಡೆಯ ಭತ್ತದ ಗದ್ದೆಯ ರೈತರು. ಒಂದು ದಿನ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕುಳಿತು ಹೇಳಿದರು: “ಮೇಷ್ಟ್ರೇ, ಅವ ಸಣ್ಣ ಕಾರಿಗೆ ಏನೋ ದೊಡ್ಡ ಇಂಜಿನ್ ಹಾಕಿಸ್ಯಾನ. ಮನ್ಯಾಗ ನಮ್ಮ ಮಾತು ನಡಿಯಂಗಿಲ್ಲ. ನೀವೊಂದು ಮಾತು ಹೇಳಿದ್ರ ಕೇಳ್ತಾನ.” ನಾನು ಒಪ್ಪಿಕೊಂಡೆ. ಬುದ್ಧಿ ಹೇಳುವುದು ಅಧ್ಯಾಪಕನಿಗೆ ಅತ್ಯಂತ ಸುಲಭವಾದ ಕೆಲಸವೆಂದು ಆಗ ನಾನು ನಂಬಿದ್ದೆ.

ಕಾರು ನೋಡಿದಾಗ ನನಗೆ ನಗು ಬಂತು. ಬಿಳಿಯ ಬಣ್ಣ ಮಾಸಿ ಕೆನೆಯಾಗಿದ್ದ ಒಂದು ಹಳೆಯ ಮಾರುತಿ 800. ಎಡಗಡೆಯ ಬಾಗಿಲಿನಲ್ಲಿ ನಗ್ಗು. ಮುಂದೆ ತೂಗುವ ನಿಂಬೆಹಣ್ಣು, ಹಸಿಮೆಣಸಿನಕಾಯಿ. ಕೈಬಳೆಯಂತಹ ಪುಟ್ಟ ಚಕ್ರಗಳು. 1983ರ ಡಿಸೆಂಬರಿನಲ್ಲಿ ಹುಟ್ಟಿ, 2014ರ ಜನವರಿಯವರೆಗೆ ತಯಾರಾಗುತ್ತ ನಮ್ಮ ದೇಶದ ಮಧ್ಯಮವರ್ಗಕ್ಕೆ ಕಾರೆಂದರೇನೆಂದು ಕಲಿಸಿದ ಆ ಬಡ ವಾಹನವನ್ನು ಕಾಣದವರು ಯಾರು? ಅದರ ಇಂಜಿನ್ನು ಮೂರು ಸಿಲಿಂಡರುಗಳದು, 796 ಸಿ.ಸಿ.; ಬಲ ನಲವತ್ತು ಅಶ್ವಶಕ್ತಿಯ ಆಸುಪಾಸು. ನಾಲ್ಕು ಜನ ಕುಳಿತು ಏರಿಯಲ್ಲಿ ಹೊರಟರೆ ಐದನೆಯವನೊಬ್ಬ ತಳ್ಳಲು ಬೇಕೇನೋ ಎನ್ನಿಸುವಂತಹದು.

ಹುಡುಗ ಬಾನೆಟ್ಟು ಎತ್ತಿದ. ಒಳಗೆ ಬೇರೆಯೇ ಒಂದು ಲೋಕವಿತ್ತು. ಗುಜರಿಗೆ ಹೋಗಿದ್ದ ಒಂದು ಎಸ್ಟೀಮ್ ಕಾರಿನ ನಾಲ್ಕು ಸಿಲಿಂಡರಿನ, 1298 ಸಿ.ಸಿ.ಯ ಇಂಜಿನ್ನು ಆ ಇಕ್ಕಟ್ಟಿನಲ್ಲಿ ಉಸಿರು ಬಿಗಿಹಿಡಿದು ಕುಳಿತಂತಿತ್ತು. ಬಲ ಸುಮಾರು 85 ಅಶ್ವಶಕ್ತಿ. ಅದನ್ನು ಕೂರಿಸಲು ಹೊಸ ಆಧಾರಗಳನ್ನು ವೆಲ್ಡಿಂಗ್ ಮಾಡಬೇಕಾಯಿತು. ಗೇರ್‌ಬಾಕ್ಸನ್ನೂ ಅದೇ ಕಾರಿನಿಂದ ತರಬೇಕಾಯಿತು. ಚಕ್ರಗಳಿಗೆ ಬಲ ಒಯ್ಯುವ ದಂಡಗಳನ್ನು ಅಳತೆಗೆ ಕತ್ತರಿಸಿ ಕೂಡಿಸಬೇಕಾಯಿತು. ರೇಡಿಯೇಟರು ದೊಡ್ಡದು, ಮುಂದಿನ ಸ್ಪ್ರಿಂಗು ಗಟ್ಟಿಯದು. ಎಂಟು ತಿಂಗಳ ದುಡಿಮೆ. ಎಸ್ಟೀಮ್ ಈ ಪುಟ್ಟ ಕಾರಿಗಿಂತ ಸುಮಾರು ಇನ್ನೂರು ಕಿಲೋ ಭಾರದ್ದು. ಅಂದಮೇಲೆ, ಅಷ್ಟು ಬಲ ಇಷ್ಟು ಹಗುರವಾದ ದೇಹಕ್ಕೆ ಸಿಕ್ಕರೆ ಏನಾಗುವುದೆಂದು ವಾಚಕರೇ ಊಹಿಸಬಹುದು.

“ಇದಕ್ಕೆ ಸ್ಲೀಪರ್ ಅಂತಾರೆ, ಸರ್,” ಎಂದ.

ಸ್ಲೀಪರೆಂದರೆ ನಮಗೆ ರೈಲಿನ ಮಲಗುವ ಬೋಗಿ ಮಾತ್ರ ಗೊತ್ತು. ಅಮೆರಿಕದ ಕಾರುಪ್ರಿಯರು, ಹೊರಗೆ ನಿದ್ರಿಸುವಂತೆ ತೋರಿ ಒಳಗೆ ಎಚ್ಚರವಾಗಿರುವ ಇಂತಹ ಕಾರಿಗೆ ಆ ಹೆಸರಿಟ್ಟರಂತೆ. ಇಂಗ್ಲೆಂಡಿನವರು ಇದನ್ನೇ ‘ಕ್ಯೂ ಕಾರು’ ಎಂದರು. ಒಂದನೆಯ ಮಹಾಯುದ್ಧದಲ್ಲಿ ಸರಕಿನ ಬಡ ಹಡಗಿನ ವೇಷ ತೊಟ್ಟು, ಮರೆಯಲ್ಲಿ ತೋಪುಗಳನ್ನಿಟ್ಟುಕೊಂಡು ಜರ್ಮನರ ಜಲಾಂತರ್ಗಾಮಿಗಳನ್ನು ಹತ್ತಿರಕ್ಕೆ ಸೆಳೆಯುತ್ತಿದ್ದ ‘ಕ್ಯೂ ಹಡಗು’ಗಳಿಂದ ಬಂದ ಹೆಸರು ಅದು. ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಮಾತುಗಳಿವೆ: ಒಂದು, ಬೂದಿ ಮುಚ್ಚಿದ ಕೆಂಡ, ಇನ್ನೊಂದು, ಗೋಮುಖವ್ಯಾಘ್ರ. ಮೊದಲನೆಯದು ಬಹುಮಟ್ಟಿಗೆ ಮೆಚ್ಚುಗೆಯ ಮಾತು, ಎರಡನೆಯದು ಎಚ್ಚರಿಕೆಯ ಮಾತು. ಇವೆರಡರಲ್ಲಿ ಈ ಕಾರಿಗೆ ಯಾವುದು ಸಲ್ಲುತ್ತದೆಂಬುದು ಅಂದು ಸಂಜೆಯವರೆಗೆ ನನಗೆ ತಿಳಿಯಲಿಲ್ಲ.

ಹೊರಡುವಾಗ ಗ್ಯಾರೇಜಿನ ಮೇಸ್ತ್ರಿ ಎಣ್ಣೆಗೈಯನ್ನು ಒರೆಸಿಕೊಳ್ಳುತ್ತ ಬಂದರು. ನಲವತ್ತು ವರ್ಷ ಅದಿರಿನ ಲಾರಿಗಳ ಸಂಗಡ ಕಳೆದ ಹಿರಿಯರು. “ಬ್ರೇಕಿನ್ನೂ ಹಳೇದೇ ಐತಿ. ಬೆಟ್ಟಕ್ಕೆ ಹೋದ್ರ ನೆನಪಿರಲಿ, ಹತ್ತಿದ ಗೇರಿನಾಗೇ ಇಳೀಬೇಕು,” ಎಂದರು. ಲಾರಿಯವರ ಈ ಹಳೆಯ ಸೂತ್ರವನ್ನು ನಾನೂ ಕೇಳಿದ್ದೆ. ಹುಡುಗ ತಲೆಯಾಡಿಸಿದ.

ಕಮಲಾಪುರವನ್ನು ದಾಟಿ, ಬುಕ್ಕಸಾಗರ, ರಾಮಸಾಗರಗಳ ಮೇಲೆ ಕಂಪ್ಲಿಗೆ ಹೋಗುವ ದಾರಿ ಕಣ್ಣಿಗೆ ಹಬ್ಬ. ಒಂದು ಕಡೆ ಬಂಡೆಗಳ ಬೆಟ್ಟ. ಇನ್ನೊಂದು ಕಡೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುತ್ತಿರುವ ಬಾಳೆ, ಕಬ್ಬು, ಭತ್ತ. ಮುಂದೆ ದೊಡ್ಡದೊಂದು ಕಾರು ನಮ್ಮನ್ನು ಅಸಡ್ಡೆಯಿಂದ ಹಿಂದಿಕ್ಕಿ ಹೋಯಿತು. ಹುಡುಗ ನನ್ನ ಮುಖ ನೋಡಿದ. ನಾನು ಬುದ್ಧಿಮಾತಿನ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವನು ಗೇರು ಇಳಿಸಿ ಕಾಲನ್ನೊತ್ತಿದ. ಬೆನ್ನು ಸೀಟಿಗೆ ಅಂಟಿಕೊಂಡಿತು. ಬಾಳೆಯ ತೋಟಗಳು ಹಸುರಿನ ಒಂದೇ ಗೆರೆಯಾದವು. ಆ ದೊಡ್ಡ ಕಾರು ನಮ್ಮ ಎಡಗಡೆಯಲ್ಲಿ ಹಿಂದಕ್ಕೆ ಜಾರಿತು. ಅದರ ಚಾಲಕನ ತೆರೆದ ಬಾಯಿಯನ್ನು ನಾನು ಕಣ್ಣಾರೆ ಕಂಡೆ.

ಸತ್ಯವನ್ನು ಹೇಳಿಬಿಡಬೇಕು. ನಾನು ಮಕ್ಕಳಂತೆ ನಕ್ಕೆ. ಉದ್ದಕ್ಕೂ ಜನರಿಂದ ಅಲಕ್ಷ್ಯಕ್ಕೊಳಗಾದ ಒಂದು ಬಡ ಜೀವ ಎದ್ದು ನಿಂತು ಉತ್ತರ ಕೊಟ್ಟಂತಾಯಿತು. ಸ್ವಲ್ಪ ಸಂಬಳದ ಅಧ್ಯಾಪಕನಿಗೆ ಆ ಸುಖ ತೀರಾ ಅಪರಿಚಿತವಾದುದಲ್ಲ. “ಇನ್ನೊಮ್ಮೆ,” ಎಂದೆ. ಆ ಮಾತು ನನ್ನದೇ.

ಕಂಪ್ಲಿಯ ಸೇತುವೆಯ ಬಳಿ ಚಹಾ ಕುಡಿಯಲು ನಿಂತೆವು. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಈ ಸೇತುವೆ ಮುಳುಗಿ, ಗಂಗಾವತಿಯ ಕಡೆಯ ಸಂಚಾರವೇ ನಿಂತುಹೋಗುತ್ತದೆ. ಅಂದು ತುಂಗಭದ್ರೆ ಶಾಂತಳಾಗಿದ್ದಳು. ಕಂಪ್ಲಿಯೆಂದರೆ ಕನ್ನಡದವನಿಗೆ ಕುಮಾರರಾಮನ ನೆನಪು ಬಾರದಿರದು. ಹದಿನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ, ವಿಜಯನಗರ ಹುಟ್ಟುವುದಕ್ಕೆ ಮುಂಚೆ, ಇಲ್ಲಿ ಆಳಿದ ಕಂಪಿಲರಾಯನ ಮಗ ಅವನು. ಒರುಗಲ್ಲಿನ ಬೊಲ್ಲನೆಂಬ ಕುದುರೆಯ ಮೇಲೆ ಅವನಿಗಿದ್ದ ಆಸೆಯನ್ನು ನಮ್ಮ ಕಾವ್ಯಗಳು ಹೇಳುತ್ತವೆ. ತಾರುಣ್ಯಕ್ಕೆ ಬೇಕಾದುದು ಎಂದಿಗೂ ಮನೆಯ ಲಾಯದಲ್ಲಿರುವ ಕುದುರೆಯಲ್ಲ. ಈ ಮಾತನ್ನು ಹುಡುಗನಿಗೆ ಹೇಳಿದಾಗ ಅವನಿಗೆ ಬಹಳ ಸಂತೋಷವಾಯಿತು. ರಾಯಭಾರಿಯು ಶತ್ರುಪಕ್ಷವನ್ನು ಸೇರಿದ್ದನು!

ಆಮೇಲೆ ನಾಚಿಕೆಯಾಗಿ ಕಾನೂನಿನ ಮಾತೆತ್ತಿದೆ. ಅವನಿಗೆ ಎಲ್ಲವೂ ತಿಳಿದಿತ್ತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಇಂತಹ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಆರ್.ಸಿ. ಪುಸ್ತಕದಲ್ಲಿ ಒಂದು ಇಂಜಿನ್ನು, ಬಾನೆಟ್ಟಿನಡಿಯಲ್ಲಿ ಇನ್ನೊಂದು. ಅಪಘಾತವಾದರೆ ವಿಮೆಯೂ ಕೈಬಿಡಬಹುದು. “ಗೊತ್ತು ಸರ್. ಆದರೆ ಕಂಪನಿಯವರು ಮಾಡಿದರೆ ಸರಿ, ನಾವು ಮಾಡಿದರೆ ತಪ್ಪೇ?” ಎಂದ.

ಅವನ ಪ್ರಶ್ನೆಯಲ್ಲಿ ಹುರುಳಿಲ್ಲದಿರಲಿಲ್ಲ. ಅಧಿಕಾರಿಗಳ ಬಿಳಿಯ ಅಂಬಾಸಿಡರನ್ನೇ ನೋಡಿ. 1950ರ ದಶಕದ ಆ ಗುಂಡನೆಯ ದೇಹದೊಳಗೆ 1990ರ ದಶಕದ ಆರಂಭದಲ್ಲಿ ಜಪಾನಿನ ಇಸುಜು ಕಂಪನಿಯ 1800 ಸಿ.ಸಿ.ಯ ಇಂಜಿನ್ನು ಬಂದು ಕುಳಿತಿತು. ಅಜ್ಜನ ವೇಷದ ಆ ಕಾರು ಹೊಸ ಕಾಲದ ಎಷ್ಟೋ ಕಾರುಗಳನ್ನು ಹಿಂದಿಕ್ಕುತ್ತಿತ್ತು. ಇಂಗ್ಲೆಂಡಿನಲ್ಲಿ 1959ರಲ್ಲಿ ಅಲೆಕ್ ಇಸ್ಸಿಗೋನಿಸ್ ರೂಪಿಸಿದ ಮಿನಿ ಎಂಬ ಪುಟ್ಟ ಕಾರು 848 ಸಿ.ಸಿ., 34 ಅಶ್ವಶಕ್ತಿಯ ಮಿತವ್ಯಯದ ವಾಹನ. ರೇಸಿನ ಕಾರುಗಳ ತಯಾರಕ ಜಾನ್ ಕೂಪರ್ ಅದರಲ್ಲಿ ಸಿಂಹವನ್ನು ಕಂಡ. 1961ರಲ್ಲಿ 997 ಸಿ.ಸಿ., 55 ಅಶ್ವಶಕ್ತಿಯ ಮಿನಿ ಕೂಪರ್ ಬಂತು. ಅದರ ವಂಶದ ಕಾರುಗಳು 1964, 1965, 1967ರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿಯನ್ನು ಗೆದ್ದು ಮಹಾಕಾಯದ ಕಾರುಗಳಿಗೆ ಮುಖಭಂಗ ಮಾಡಿದವು. ಈ ಕಥೆಯನ್ನೆಲ್ಲ ಹುಡುಗ ಪುರಾಣದಂತೆ ಹೇಳಿದ. ಅದರಲ್ಲಿ ಒಂದು ಸಣ್ಣ ಅಧ್ಯಾಯವನ್ನು ಅವನು ಬಿಟ್ಟಿದ್ದನೆಂದು ಬಳಿಕ ನಾನೇ ಓದಿ ತಿಳಿದೆ. ಅದನ್ನು ಮುಂದೆ ಹೇಳುತ್ತೇನೆ.

ಹಿಂದಿರುಗುವ ದಾರಿಯಲ್ಲಿ ಹಂಪಿಯ ವಿಠಲ ದೇವಾಲಯಕ್ಕೆ ಹೊರಳಿದೆವು. ಕೊನೆಯ ಹಾದಿಯಲ್ಲಿ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ಸದ್ದಿಲ್ಲದ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಐವತ್ತು ರೂಪಾಯಿಯ ನೋಟಿನಲ್ಲಿ ಎಲ್ಲರೂ ಕಂಡಿರುವ ಕಲ್ಲಿನ ರಥದ ಮುಂದೆ ನಿಂತಾಗ, ನಾನು ಹಲವು ಬಾರಿ ನೋಡಿಯೂ ಗಮನಿಸದಿದ್ದುದನ್ನು ಆ ಹುಡುಗನ ಯಂತ್ರಜ್ಞನ ಕಣ್ಣು ಹಿಡಿಯಿತು. “ಸರ್, ಇದಕ್ಕೂ ಇಂಜಿನ್ ಬದಲಾಯಿಸಿದಾರೆ!”

ನಿಜ. ರಥದ ಮುಂದೆ ನಿಂತಿರುವುದು ಎರಡು ಪುಟ್ಟ ಆನೆಗಳು. ಆದರೆ ಅವುಗಳ ಹಿಂದೆ ಬಗ್ಗಿ ನೋಡಿದರೆ, ಮೊದಲು ಅಲ್ಲಿದ್ದ ಕುದುರೆಗಳ ಹಿಂಗಾಲು, ಬಾಲಗಳ ಗುರುತು ಉಳಿದಿದೆ. ಕುದುರೆಗಳು ಹೋದ ಜಾಗಕ್ಕೆ ಬೇರೆಲ್ಲಿಂದಲೋ ಆನೆಗಳನ್ನು ತಂದು ನಿಲ್ಲಿಸಿದ್ದಾರೆ. ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವೂ ಇದ್ದಿತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರಗಳಲ್ಲಿ ಅದನ್ನು ಕಾಣಬಹುದು. ಬಾಲ ಮಾತ್ರ ಉಳಿದ ಆ ಕುದುರೆಗಳನ್ನು ನೋಡಿ ನನಗೆ ನೂನಿಜನ ಬರಹ ನೆನಪಾಯಿತು. ವಿಜಯನಗರದ ದೊರೆ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಹದಿನಾರನೆಯ ಶತಮಾನದ ಆ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿದ್ದಾನೆ. ಸಾಳುವ ನರಸಿಂಹನಂತೂ ಕಡಲಿನಲ್ಲಿ ಸತ್ತ ಕುದುರೆಗೂ, ಅದರ ಬಾಲ ತಂದು ತೋರಿಸಿದರೆ, ಬೆಲೆ ಕೊಡುತ್ತಿದ್ದನಂತೆ. ಬಲವನ್ನು ಹೊರಗಿನಿಂದ ಕೊಂಡು ತರುವ ಹಂಬಲ ಈ ನೆಲಕ್ಕೆ ಹೊಸದಲ್ಲ. ಇಂಜಿನ್ನಿನ ಬಲವನ್ನು ಇಂದಿಗೂ ನಾವು ಕುದುರೆಗಳಲ್ಲಿಯೇ ಎಣಿಸುತ್ತೇವಲ್ಲವೇ?

ಹೊಸಪೇಟೆಯಲ್ಲಿ ಊಟ ಮುಗಿಸಿ ಸಂಡೂರಿಗೆ ಹೊರಟೆವು. ಬಯಲು ಮುಗಿದು ಬೆಟ್ಟಗಳು ಎರಡೂ ಕಡೆಯಿಂದ ಕೈಚಾಚಿ ಕಣಿವೆಯನ್ನು ಅಪ್ಪಿಕೊಳ್ಳುವ ಸ್ಥಳ ಅದು. ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಈ ಊರಿಗೆ 1934ರಲ್ಲಿ ಗಾಂಧೀಜಿ ಬಂದಿದ್ದರು. ಮಳೆಗಾಲದ ಕೊನೆಯಲ್ಲಿ ಕೆಂಪು ಮಣ್ಣಿನ ಮೇಲೆ ಹಸುರು ಹೊದೆದ ಈ ಬೆಟ್ಟಗಳನ್ನು ನೋಡಿದವರಿಗೆ, ಇವುಗಳ ಒಡಲನ್ನು ಅಗೆದು ಹಡಗು ತುಂಬಿ ಕಳಿಸಿದೆವೆಂಬುದನ್ನು ನಂಬಲು ಕಷ್ಟವಾಗುತ್ತದೆ.

ಕುಮಾರಸ್ವಾಮಿ ಬೆಟ್ಟದ ದಾರಿಯನ್ನು ಕಾರು ಆಟವಾಡುತ್ತ ಏರಿತು. ಸಾಧಾರಣ 800 ಕಾರು ಒಂದನೆಯ, ಎರಡನೆಯ ಗೇರಿನಲ್ಲಿ ಏದುಸಿರು ಬಿಡುವ ಏರಿಯನ್ನು ಇದು ಮೂರನೆಯ ಗೇರಿನಲ್ಲಿ ಗುನುಗುತ್ತ ಹತ್ತಿತು. ಪಾರ್ವತಿ, ಕುಮಾರಸ್ವಾಮಿಯರ ಪ್ರಾಚೀನ ಗುಡಿಗಳ ಅಂಗಳದಲ್ಲಿ ತಂಪಾಗಿ ಕುಳಿತು, ನಾಲ್ಕೂವರೆಯ ಹೊತ್ತಿಗೆ ಇಳಿಯತೊಡಗಿದೆವು. ಹುಡುಗ ಮೇಸ್ತ್ರಿಯ ಮಾತನ್ನು ಮರೆತಿರಲಿಲ್ಲ. ಹತ್ತಿದ್ದು ಮೂರನೆಯ ಗೇರು. ಇಳಿದದ್ದೂ ಮೂರನೆಯ ಗೇರಿನಲ್ಲಿಯೇ.

ನಾಲ್ಕನೆಯ ತಿರುವಿಗೆ ಸುಟ್ಟ ವಾಸನೆ ಬಂತು. ಐದನೆಯದಕ್ಕೆ ಅವನ ಮುಖದ ಬಣ್ಣ ಬದಲಾಯಿತು. “ಸರ್, ಪೆಡಲು ಒಳಗೆ ಹೋಗ್ತಾ ಇದೆ,” ಎಂದ. ಧ್ವನಿ ಮಾತ್ರ ಮೆಲ್ಲಗಿತ್ತು. ನನ್ನ ಬಲಗಾಲು ನನ್ನ ಮುಂದೆ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮುಂದಿನ ತಿರುವಿನ ಆಚೆಯಿಂದ ಲಾರಿಯ ಹಾರ್ನು ಕೇಳಿಸಿತು. ಅವನು ಎರಡನೆಯ ಗೇರಿಗೆ ಬಲವಂತವಾಗಿ ಇಳಿಸಿದ. ಇಂಜಿನ್ನು ಆರ್ತನಾದ ಮಾಡಿತು. ಕೈಬ್ರೇಕನ್ನು ಸ್ವಲ್ಪಸ್ವಲ್ಪವಾಗಿ ಎಳೆಯುತ್ತ, ಕಾರಿನ ಎಡಮಗ್ಗುಲನ್ನು ಬೆಟ್ಟದ ಮಣ್ಣಿನ ದಿಬ್ಬಕ್ಕೆ ಉಜ್ಜಿಸಿದ. ಕಲ್ಲು, ಮಣ್ಣು, ಬೇರುಗಳ ಕರಕರ. ನಿಂತೆವು. ಲಾರಿ ನಮ್ಮನ್ನು ದಾಟಿ ಮೇಲೇರಿ ಹೋಯಿತು. ಅದರ ಚಾಲಕ ನಮ್ಮತ್ತ ನೋಡಲೂ ಇಲ್ಲ.

ಒಂದು ಗಂಟೆ ಆ ಬಂಡೆಯ ಮೇಲೆ ಕುಳಿತೆವು. ಮುಂದಿನ ಚಕ್ರಗಳಿಂದ ಹೊಗೆಯೇಳುತ್ತಿತ್ತು. ಆಗ ಅವನೇ ಮಾತನಾಡತೊಡಗಿದ. ಓಡುವ ವಾಹನದ ವೇಗ ಎರಡು ಪಟ್ಟಾದರೆ ಅದು ಹೊತ್ತ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಿಲ್ಲಿಸುವಾಗ ಅದೆಲ್ಲವೂ ಶಾಖವಾಗಿ ಬ್ರೇಕಿನೊಳಗೇ ಹೋಗಬೇಕು. ಬ್ರೇಕು ಕಾದರೆ ಅದರ ಹಿಡಿತ ಜಾರುತ್ತದೆ. ಅದರೊಳಗಿನ ದ್ರವ ಕುದಿದರೆ ಹಬೆಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿದರೆ ಬಗ್ಗದು, ಗುಳ್ಳೆ ಬಗ್ಗುತ್ತದೆ. ಆದುದರಿಂದಲೇ ಪೆಡಲು ಮೆತ್ತಗಾಗಿ ಒಳಗಿಳಿಯುವುದು. ಇದೆಲ್ಲ ಅವನಿಗೆ ಮೊದಲೇ ತಿಳಿದಿತ್ತು.

“ಆದರೆ ಮೇಸ್ತ್ರಿ ಹೇಳಿದ ಹಾಗೆಯೇ ಇಳಿದೆನಲ್ಲ ಸರ್?” ಎಂದ. ಆ ಪ್ರಶ್ನೆಗೆ ಉತ್ತರ ಹೊಳೆಯಲು ಇಬ್ಬರಿಗೂ ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬುದು ಹೊರೆಗೆ ತಕ್ಕ ಇಂಜಿನ್ನಿರುವ ವಾಹನಕ್ಕೆ ಹುಟ್ಟಿದ ಸೂತ್ರ. ಅಲ್ಲಿ ಏರಿಯೇ ಚಾಲಕನಿಗೆ ಬೆಟ್ಟದ ಕಡಿದನ್ನು ಕಲಿಸುತ್ತದೆ. ಏದುಸಿರು ಬಿಟ್ಟು ಹತ್ತಿದವನು ಸಣ್ಣ ಗೇರಿನಲ್ಲಿಯೇ ಇಳಿಯುತ್ತಾನೆ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಮಿತಿಮೀರಿದ ಬಲವಿದ್ದವನಿಗೆ ಏರಿ ಏರಿಯೆಂದೇ ತೋರದು. ಬೆಟ್ಟ ಎಷ್ಟು ಕಡಿದೆಂದು ಅವನಿಗೆ ತಿಳಿಯುವುದು ಇಳಿಯುವಾಗ ಮಾತ್ರ. ಹಿರಿಯರ ಅನುಭವದ ಮಾತನ್ನೂ ಸುಳ್ಳಾಗಿಸುವ ಶಕ್ತಿ ಆ ಇಂಜಿನ್ನಿಗಿತ್ತು.

ಕೂಪರನ ಕಥೆಯಲ್ಲಿ ಬಿಟ್ಟುಹೋದ ಅಧ್ಯಾಯ ಇದೇ. ಅವನು ಮಿನಿಗೆ ದೊಡ್ಡ ಇಂಜಿನ್ನನ್ನು ಮಾತ್ರ ಕೊಡಲಿಲ್ಲ; ಅದರೊಡನೆಯೇ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳು ಬಂದವು. ಗೆಲುವಿನ ಸುದ್ದಿಯಲ್ಲಿ ಇಂಜಿನ್ನಿನ ಹೆಸರು ಬರುತ್ತದೆ; ಬ್ರೇಕಿನ ಹೆಸರು ಯಾರಿಗೂ ನೆನಪಿರದು.

ಒಂದನೆಯ ಗೇರಿನಲ್ಲಿ, ಎತ್ತಿನ ಬಂಡಿಯ ವೇಗದಲ್ಲಿ ಕೆಳಗಿಳಿದು, ಕತ್ತಲಾಗುವ ವೇಳೆಗೆ ಹೊಸಪೇಟೆಯನ್ನು ಸೇರಿದೆವು. ಮನೆಗೆ ಹೋಗಲು ಇಬ್ಬರಿಗೂ ಮನಸ್ಸಾಗದೆ ಅಣೆಕಟ್ಟಿನ ಕಡೆಗೆ ನಡೆದೆವು. 1945ರಲ್ಲಿ ಕೆಲಸ ಆರಂಭವಾಗಿ, 1953ರಿಂದ ನೀರು ಹಿಡಿದು ನಿಂತ ಗೋಡೆ ಅದು. ಮೂವತ್ತಮೂರು ತೂಬಿನ ಬಾಗಿಲುಗಳು. 2024ರ ಆಗಸ್ಟ್ 10ರ ರಾತ್ರಿ, ಕಟ್ಟೆ ತುಂಬಿದ್ದ ಹೊತ್ತಿನಲ್ಲಿ, ಹತ್ತೊಂಬತ್ತನೆಯ ಬಾಗಿಲಿನ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಹೋಯಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಗಳನ್ನಿಳಿಸಿ ಒಂದು ವಾರದಲ್ಲಿ ಅದನ್ನು ಮುಚ್ಚಿದರು. ಆ ವಾರ ಅವನ ತಂದೆ ಒಂದು ರಾತ್ರಿಯೂ ನಿದ್ರಿಸಲಿಲ್ಲವಂತೆ; ಹೊಳೆಯ ಪಾಲಾಗುತ್ತಿದ್ದುದು ಅವರ ಎರಡನೆಯ ಬೆಳೆ. “ಗೋಡೆಗೆ ಏನೂ ಆಗಿರಲಿಲ್ಲ ಸರ್. ಸರಪಳಿ ಒಂದೇ,” ಎಂದು ಹುಡುಗ ನೀರನ್ನೇ ನೋಡುತ್ತ ಹೇಳಿದ.

ಮೇಸ್ತ್ರಿ ನಮ್ಮ ಕಥೆಯನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, “ಆ ಮಾತು ಲಾರಿಗೆ ಹೇಳಿದ್ದಪ್ಪಾ. ಇದಕ್ಕೆ ಹೇಳಬಾರದಿತ್ತು. ತಪ್ಪು ನಂದು,” ಎಂದರು. ಅಷ್ಟು ಸರಳವಾಗಿ ತಪ್ಪೊಪ್ಪಿಕೊಂಡ ವಿದ್ವಾಂಸರನ್ನು ನಾನು ಕಂಡಿಲ್ಲ.

ದೀಪಾವಳಿಯ ನಂತರ ಹುಡುಗ ಬಂದಿದ್ದ. ಹಳೆಯ ಮೂರು ಸಿಲಿಂಡರಿನ ಇಂಜಿನ್ನು ತನ್ನ ಮನೆಗೆ ಮರಳಿದೆ. ದೊಡ್ಡದು ಗ್ಯಾರೇಜಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿದೆ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಇದೇ 800 ಕಾರಿನ ಪುಟ್ಟ ಇಂಜಿನ್ನನ್ನು ತಕ್ಕ ಚೌಕಟ್ಟಿನಲ್ಲಿಟ್ಟು ‘ಫಾರ್ಮುಲಾ ಮಾರುತಿ’ ಎಂಬ ರೇಸ್ ಕಾರು ಕಟ್ಟಿದ್ದರೆಂದೂ, ಓಟದ ಕಲಿಕೆಗೆ ಅಷ್ಟು ಬಲವೇ ಸಾಕಾಗಿತ್ತೆಂದೂ ಉತ್ಸಾಹದಿಂದ ಹೇಳಿದ. ಅವರ ಹೆಸರಿನಲ್ಲಿ ಆ ಊರಿನ ಬಳಿ ಓಟದ ಪಥವೂ ಇದೆ. ಕಟ್ಟುವುದಾದರೆ ಮುಂದೆ ಅಂತಹ ಪಥಕ್ಕಾಗಿ ಕಟ್ಟುತ್ತಾನಂತೆ, ಬ್ರೇಕಿನಿಂದ ಆರಂಭಿಸುತ್ತಾನಂತೆ. ಕೆಂಡವನ್ನು ಇಡಬೇಕಾದುದು ಒಲೆಯಲ್ಲಿ, ಕಣಜದ ಪಕ್ಕದಲ್ಲಲ್ಲ.

ಅವನ ತಂದೆ ಹೊಸ ಅಕ್ಕಿಯ ಒಂದು ಚೀಲವನ್ನು ಕಳಿಸಿ, “ಮೇಷ್ಟ್ರೇ, ಏನು ಹೇಳಿದಿರಿ ಅವನಿಗೆ? ಒಂದೇ ದಿನಕ್ಕ ದಾರಿಗೆ ಬಂದ,” ಎಂದು ಕೇಳಿದರು. ನಾನು ಏನನ್ನೂ ಹೇಳಿರಲಿಲ್ಲ. ಹೇಳಿದುದು ಕಂಪ್ಲಿಯ ದಾರಿಯಲ್ಲಿ ಒಂದೇ ಮಾತು: “ಇನ್ನೊಮ್ಮೆ”. ಅದನ್ನು ಆ ಹಿರಿಯರಿಗೆ ತಿಳಿಸುವ ಧೈರ್ಯ ಅಂದು ನನಗಾಗಲಿಲ್ಲ. ಈ ಲೇಖನ ಅವರ ಕಣ್ಣಿಗೆ ಬಿದ್ದರೆ, ಅಕ್ಕಿಯ ಚೀಲವನ್ನು ಹಿಂದಿರುಗಿಸಲು ನಾನು ಸಿದ್ಧನಿದ್ದೇನೆ.